ದೇವರ ಮುಂದಿನ ಖಾಲಿ ತೋಟಾ

ಶುಕ್ರವಾರ ಬೆಳಿಗ್ಗೆ ದೀಪಗಳನ್ನು ತಿಕ್ಕಿ ತೊಳೆಯಲೆಂದು ದೇವರ ಕಪಾಟಿನ ಬಾಗಿಲು ತೆಗೆದ ಶೈಲಜಾಳ ಕೈ ಅಲ್ಲೇ ನಿಂತಿತು.

ಗಣಪತಿಯ ಮುಂದೆ ಊದುಬತ್ತಿ ಉರಿಯುತ್ತಿತ್ತು. ಆದರೆ ಅದು ನಿಂತಿದ್ದದ್ದು ಎಂದಿನ ನವಿಲಿನ ಸ್ಟ್ಯಾಂಡಿನಲ್ಲಿ ಅಲ್ಲ. ಹೆಬ್ಬೆರಳಿನ ಗಿಣ್ಣಿನಷ್ಟಿದ್ದ ಹಿತ್ತಾಳೆಯ ಕೊಳವೆಯೊಂದನ್ನು ಬೋರಲು ಹಾಕಿ, ಅದರ ತಳದ ತೂತಿಗೆ ಕಡ್ಡಿ ಚುಚ್ಚಿದ್ದರು. ತಳದ ಅಂಚಿನ ಸುತ್ತ ಇಂಗ್ಲಿಷ್ ಅಕ್ಷರಗಳು, ಒಂದು ಅಂಕಿ. ಶೈಲಜಾ ಫೋಟೋ ತೆಗೆದು ಫೋನಿನಲ್ಲಿ ಹುಡುಕಿದಳು. ಬಂದ ಉತ್ತರವನ್ನು ಎರಡು ಸಲ ಓದಿದಳು.

ಪಿಸ್ತೂಲಿನ ತೋಟಾ. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ.

ತೋಟಾ ಮನೆಯೊಳಗೆ ಬಂದಿದೆ ಎಂದರೆ— ಪಿಸ್ತೂಲು?

ಹಿಂದೆ ಟೇಬಲಿನ ಬಳಿ ಏಳು ವರ್ಷದ ಇಂಚರಾ ಸೀರಿಯಲ್ ಕಲಕುತ್ತಾ ಕೂತಿದ್ದಳು. ಬಂದೂಕು ಹಿಡಿದವನು ನುಗ್ಗಿದರೆ ಏನು ಮಾಡಬೇಕೆಂದು ಸ್ಕೂಲಿನಲ್ಲಿ ಲಾಕ್‌ಡೌನ್ ಡ್ರಿಲ್ ಮಾಡಿಸಿದಂದಿನಿಂದ ಮಗು ಏನನ್ನೋ ಕೇಳಲು ಬಾಯಿ ತೆರೆಯುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು.

"ಅಮ್ಮಾ..."

"ಏನು ಕಂದಾ?"

"ನಥಿಂಗ್."

ಶೈಲಜಾ ತೋಟಾವನ್ನು ಮುಷ್ಟಿಯಲ್ಲಿ ಬಚ್ಚಿಟ್ಟು, ಹೂ ಕಟ್ಟುತ್ತಿದ್ದ ಅತ್ತೆಯ ಬಳಿ ಹೋದಳು. ಬಂಗಾರೆವ್ವ ವಿಜಯಪುರದಿಂದ ಕಡಲಾಚೆಯ ಎವರ್‌ಗ್ರೀನ್ ಬಡಾವಣೆಯ ಈ ಮನೆಗೆ ಬಂದು ಎರಡು ತಿಂಗಳಾಗಿತ್ತು.

"ಅತ್ತೆ, ಇದು ಎಲ್ಲಿ ಸಿಕ್ತು?"

"ಗ್ಯಾರೇಜಿನ್ಯಾಗ, ವಾಷಿಂಗ್ ಮಷೀನ್ ಹಿಂದ. ಛಲೋ ಐತಿ ನೋಡು, ಊದಿನಕಡ್ಡಿ ಚುಚ್ಚಾಕಂತನ ತೂತ ಕೊರದಾರ!"

"ಆಗ್ಲೇ ಹೀಗೆ ಹೊಳೀತಿತ್ತಾ?"

"ಹೊಳೀಲಿ, ಬಿಡ್ಲಿ. ಹೊರಗಿನ ಸಾಮಾನ ಹಂಗ ದೇವ್ರ ಮುಂದ ಇಡ್ತಾರೇನು? ಹುಣಸಿಹಣ್ಣ ಹಚ್ಚಿ ತಿಕ್ಕೀನಿ. ನಿನ್ನ ಆ ಅಂಗಡಿ ನಿಂಬಿ ಉಪ್ಪ ನಾ ಮುಟ್ಟಂಗಿಲ್ಲವಾ."

ಅವರ ಮುಖದಲ್ಲಿ ಕಪಟವಿರಲಿಲ್ಲ. ಶೈಲಜಾ ಮೇಲೆ ಹೋದಳು. ಗಂಡ ಶಶಿಧರ ಲ್ಯಾಪ್‌ಟಾಪ್ ಮುಂದಿದ್ದ. ತೋಟಾ ನೋಡಿದವನು ಒಂದು ಕ್ಷಣ ತಡವಾಗಿ ನಕ್ಕ.

"ಓಹ್, ಅದಾ? ರಮೇಶ್‌ದಿರ್ಬೇಕು. ಅವನ ಬಾಕ್ಸುಗಳು ಇನ್ನೂ ನಮ್ಮ ಗ್ಯಾರೇಜಲ್ಲೇ ಇದಾವಲ್ಲ. ಗುಂಡು ಹೊಡೆಯೋದು ಕಲಿಯೋಕೆ ಶೂಟಿಂಗ್ ರೇಂಜಿಗೆ ಹೋಗ್ತಿದ್ದ. ನೆಲಕ್ಕೆ ಬಿದ್ದಿದ್ದನ್ನ ಜೇಬಿಗೆ ಹಾಕ್ಕೊಂಡು ಬಂದಿರ್ತಾನೆ."

"ಇಷ್ಟು ಹೊಳಪು?"

"ಅಮ್ಮನ ಕೈಗೆ ಹಿತ್ತಾಳೆ ಸಿಕ್ಕಿದ್ರೆ ಬಿಡ್ತಾಳಾ?"

ರಮೇಶ್ ಒಂದು ಕಾಲಕ್ಕೆ ಇವರ ಮನೆಯಲ್ಲೇ ಬಾಡಿಗೆಗಿದ್ದ ಗೆಳೆಯ. ಎಮರಿವಿಲ್ ಎಂಬ ಊರಿಗೆ ಹೋಗಿ ವರ್ಷ ಕಳೆದಿತ್ತು. ಶೈಲಜಾ ಫೋನ್ ಮಾಡಿದಳು.

"ನಂದಾ? ಏನ್ ವೈನೀ, ನಾ ರೇಂಜಿಗೆ ಹೋಗಿದ್ದ ಒಂದ ಸಲ. ಎರಡ ದಿನಾ ಕಿವಿ ಗುಂಯ್ ಅಂತಿತ್ತು." ಆ ಕಡೆಯ ನಗು ಇದ್ದಕ್ಕಿದ್ದಂತೆ ನಿಂತಿತು. "ನನ್ ಹೆಸರ ಯಾರ್ ಹೇಳಿದ್ರು?"

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಯಾರು?

ಯೋಚಿಸುತ್ತಲೇ ಸಿಂಕಿನ ಮುಂದೆ ನಿಂತು ಗಂಗಾಜಲದ ಗಿಂಡಿಗೆ ಹುಣಸೆಹುಳಿ ಹಚ್ಚಿದಳು. ಹೊರಗೆ ಚಿನ್ನದ ಬಣ್ಣ ಬಂತು. ಒಳಗೆ, ಬೆರಳು ಹೋಗದ ಕಡೆ, ಎಂದಿನಂತೆ ಕಂದುಗಪ್ಪು. ಗಿಂಡಿಯನ್ನು ಪಕ್ಕಕ್ಕಿಟ್ಟಳು. ತೋಟಾವನ್ನು ಕಿಟಕಿಗೆ ಹಿಡಿದು ಅದರ ಬಾಯೊಳಗೆ ಇಣುಕಿದಳು. ಆಮೇಲೆ ಶೆಲ್ಫಿನಿಂದ, ಹಿತ್ತಾಳೆ ತೊಳೆಯಲೆಂದು ತಂದಿಟ್ಟಿದ್ದ ನಿಂಬೆ ಉಪ್ಪಿನ ಡಬ್ಬಿ ತೆಗೆದಳು. ಆಮೇಲೆ ಫೋನಿನಲ್ಲಿ ಇನ್ನಷ್ಟು ಓದಿದಳು.

"ಶಶಿ, ಕೆಳಗೆ ಬಾ."

"ಮೀಟಿಂಗಿದೆ—"

"ಬಾ."

ಅವನು ಬಂದ. ಅವಳು ದನಿ ಏರಿಸಲಿಲ್ಲ.

"ಇದರ ಹೊರಗಡೆ ತಿಕ್ಕಿದ್ದು ಅತ್ತೆ. ಒಳಗಡೆ ಯಾರು?"

"ಅಮ್ಮನೇ ಇರ್—"

"ಅವರ ಬೆರಳು ಇದರೊಳಗೆ ಹೋಗುತ್ತಾ? ಗುಂಡು ಹಾರಿದ್ರೆ ಒಳಗೆ ಮಸಿ ಇರ್ಬೇಕು. ರಮೇಶ್ ವರ್ಷದ ಹಿಂದೆ ಬಿಟ್ಟುಹೋಗಿದ್ರೆ ಕಪ್ಪಗಾಗಿರ್ಬೇಕು. ನೋಡು, ಕನ್ನಡಿ ಥರ ಇದೆ. ಈಗೀಗ ಯಾರೋ ಹುಳಿನೀರಲ್ಲಿ ಮುಳುಗಿಸಿಟ್ಟು ತೊಳೆದಿದಾರೆ. ಹೋದ ವಾರ ತಂದ ನಿಂಬೆ ಉಪ್ಪು ತಳ ಕಂಡಿದೆ. ಅತ್ತೆ ಮುಟ್ಟಲ್ಲ. ನಾನು ಇವತ್ತಿನವರೆಗೂ ಡಬ್ಬಿ ತೆಗೆದೇ ಇಲ್ಲ."

ಶೈಲಜಾ ತೋಟಾವನ್ನು ಬೋರಲು ಮಾಡಿ ಅವನ ಮುಂದೆ ಹಿಡಿದಳು.

"ಮತ್ತೆ ಈ ತೂತು. ನೆಲದಿಂದ ಎತ್ಕೊಂಡು ಬಂದಿದ್ರೆ ಇದರಲ್ಲಿ ಕಿಡಿ ಹಚ್ಚೋ ಬಿಲ್ಲೆ ಸುಟ್ಟು ಹಾಗೇ ಕೂತಿರುತ್ತಂತೆ. ಅದನ್ನ ಕಿತ್ತು ತೊಳೆಯೋದು, ಮತ್ತೆ ಮದ್ದು ತುಂಬಿ ಹೊಸ ತೋಟಾ ಮಾಡೋರು ಮಾತ್ರ. ಶನಿವಾರ ಬಂದ್ರೆ ಹೈಕಿಂಗ್ ಅಂತ ಒಬ್ಬನೇ ಹೋಗೋನು ಈ ಮನೇಲಿ ಯಾರು? ನೀನೇ ಶಶಿ."

ಅವನು ಕುರ್ಚಿಯಲ್ಲಿ ಕುಸಿದು ಕೂತ. "ಮೇಲಿನ ಬೀದೀಲಿ ಕಳ್ಳರು ನುಗ್ಗಿದ್ರಲ್ಲ, ಆಮೇಲೆ ಪಿಸ್ತೂಲು ತಗೊಂಡೆ. ನಿಮಗೋಸ್ಕರಾನೇ. ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಖಂಡಿತ ಅಂತಿದ್ದೆ. ತೊಳೆದಿದ್ದನ್ನ ಯಾವುದರಲ್ಲಿ ಸೋಸಿದೆ?"

ಅವನ ಕಣ್ಣು ಸಿಂಕಿನ ಪಕ್ಕದ ಸ್ಟೀಲ್ ಜರಡಿಯ ಕಡೆ ಹೋಯಿತು.

"ಅಯ್ಯೋ! ಅದರಲ್ಲೇ ಕಣೋ ಮಗೂಗೆ ದ್ರಾಕ್ಷಿ ತೊಳೆಯೋದು! ಆ ಮಸೀಲಿ ಸೀಸ ಇರುತ್ತೆ, ವಿಷ! ಯಾರಿಂದ ಕಾಪಾಡ್ತಿದೀಯ ನಮ್ಮನ್ನ?"

ಬಂಗಾರೆವ್ವ ಎದ್ದು ಬಂದು ಜರಡಿಯನ್ನು ಎತ್ತಿ ಕಸದ ಡಬ್ಬಿಗೆ ಹಾಕಿದರು. ಆಮೇಲೆ ಸೆರಗಿನ ತುದಿಯಲ್ಲಿ ಗಣಪತಿಯ ಮುಂದಿನ ಬೂದಿಯನ್ನು ಒರೆಸಿದರು. ಮಗನ ಮುಖ ನೋಡಲಿಲ್ಲ.

"ಸೇಫಿನಲ್ಲೇ ಇಡ್ತೀನಿ ಶೈಲಾ. ಬೀಗ ಹಾಕಿರುತ್ತೆ. ಅಂಥದ್ದೊಂದು ಇದೆ ಅಂತ ಯಾರಿಗೂ ಗೊತ್ತಿಲ್ಲ."

ಬಟ್ಟಲಲ್ಲಿ ಚಮಚ ಟಣ್ ಎಂದಿತು.

"ಐ ನೋ, ಅಪ್ಪಾ," ಎಂದಳು ಇಂಚರಾ. "ಐ ಸಾ ಇಟ್. ನೀನು ಗ್ಯಾರೇಜಲ್ಲಿ ಕ್ಲೀನ್ ಮಾಡ್ತಿದ್ದೆ."

ಮಗು ಅಮ್ಮನನ್ನು ನೋಡಿತು, ಅಪ್ಪನನ್ನು ನೋಡಿತು. ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆ ಕೊನೆಗೂ ಹೊರಬಂತು.

"ಸ್ಕೂಲಲ್ಲಿ ಗನ್ ಬಂದ್ರೆ ವಿ ಹೈಡ್ ಇನ್ ದ ಕಾರ್ನರ್. ಮನೇಲಿ ನಾವೆಲ್ಲಿ ಹೈಡ್ ಆಗ್ಬೇಕು?"