ನಡುಬೆಟ್ಟದ ಬಟ್ಟಲು

೧೯೭೧ರ ಮೇ ೧೬, ಭಾನುವಾರ. ಅಂದಿನ ನನ್ನ ದಿನಚರಿಯಲ್ಲಿ ಹೀಗಿದೆ: "ಭೂಪಟ ಬಿಡಿಸುತ್ತಾ ಮಕ್ಕಳಿಗೆ ಜಗಳ, ನಮ್ಮ ದೇಶ ಹೆಚ್ಚೋ ಪಕ್ಕದ ದೇಶ ಹೆಚ್ಚೋ ಎಂದು. ಊಟಕ್ಕೆ ಮೊದಲು ಈ ಕತೆ ಹೇಳಿದೆ."

ಬಹಳ ಹಿಂದೆ, ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದ ಕಾಲದಲ್ಲಿ, ಎರಡು ದೊಡ್ಡ ದೇಶಗಳು ಅಕ್ಕಪಕ್ಕದಲ್ಲಿದ್ದವು. ತೆಂಕಣದ್ದು ಹೊನಲುನಾಡು. ಅಲ್ಲಿ ಎತ್ತ ನೋಡಿದರೂ ಬಯಲು, ಬಯಲ ತುಂಬ ಹೊಳೆ, ಹೊಳೆಯ ಎರಡೂ ದಡಕ್ಕೆ ಭತ್ತದ ಗದ್ದೆ, ಕೂಗಿದರೆ ಕೇಳುವಷ್ಟು ಹತ್ತಿರಕ್ಕೆ ಊರುಗಳು. ಬಡಗಣದ್ದು ಮೇಲುನಾಡು. ಅಲ್ಲಿ ಕಲ್ಲು, ಗಾಳಿ, ಉಪ್ಪಿನ ಸರೋವರ. ಒಂದು ಮನೆಯಿಂದ ಇನ್ನೊಂದು ಮನೆಗೆ ಇಡೀ ದಿನದ ನಡಿಗೆ. ಎರಡರ ಮಧ್ಯೆ ನಡುಬೆಟ್ಟ. ಅದರ ನೆತ್ತಿಯ ಹಿಮ ಕರಗಿ ಸಿರಿಹೊಳೆಯಾಗಿ ತೆಂಕಣಕ್ಕೆ ಇಳಿಯುತ್ತಿತ್ತು.

ಹೊನಲುನಾಡಿನ ರಾಜಕುಮಾರ ಎರೆಗ ಸ್ನೇಹ ಬೆಳೆಸಲು ಬೆಟ್ಟ ಹತ್ತಿ ಹೋದ. ಅವನಿಗಿಂತ ಮೊದಲು ಯಾರೂ ಹೋದವರಿಲ್ಲ. ಮೇಲುನಾಡಿನ ದೊರೆ ಬೂತರಸ ತಾನೇ ಎದ್ದು ಬಂದು ಬಟ್ಟಲು ನೀರು ಕೊಟ್ಟ. ಎರೆಗ ತನ್ನ ನಾಡಿನ ವಾಡಿಕೆಯಂತೆ ಮೊದಲ ಬೊಗಸೆಯನ್ನು ನೆಲಕ್ಕೆ ಬಿಟ್ಟ. ಸಭೆ ಬೆಚ್ಚಿತು. ದೊರೆಯ ಮುಖ ಕಪ್ಪಿಟ್ಟಿತು.

"ಅವಮಾನ, ಮಹಾಪ್ರಭು! ಅಪ್ಪಣೆಯಾಗಲಿ," ಎಂದ ಮಾಂತ್ರಿಕ ಧೂಮಾಕ್ಷ.

ದೊರೆ ಆಗಲೆಂದು ತಲೆಯಾಡಿಸಿದ. ಧೂಮಾಕ್ಷ ಎರೆಗನನ್ನು ಉಪ್ಪಿನ ಬೊಂಬೆ ಮಾಡಿದ. ಸಿರಿಹೊಳೆಯನ್ನು ಬುಡಸಮೇತ ಸೆಳೆದು ಅದೇ ಬಟ್ಟಲಿಗೆ ತುಂಬಿದ. ದೊರೆಯ ಸಿಟ್ಟೇ ಅವನ ಬಲ. ಸಿಟ್ಟು ಉರಿದಷ್ಟೂ ಅವನು ಬೆಳೆದ. ಕಡೆಗೆ ಮೇಲುನಾಡಿನ ಬುಗ್ಗೆಗಳನ್ನೂ ಕುಡಿದು, ದೊರೆಯ ಸಿಂಹಾಸನದಲ್ಲಿ ತಾನೇ ಕೂತ.

ಹೊನಲುನಾಡಿನಲ್ಲಿ ದೋಣಿಗಳು ಮರಳ ಮೇಲೆ ಮಲಗಿದವು. ಎರೆಗನ ಅಕ್ಕ ಲಚ್ಚಲೆ ಸೆರಗು ಬಿಗಿದಳು.

"ಒಬ್ಬಳೇ ಹೋಗುತ್ತೀಯಾ ಮಗಳೇ? ದಾರಿ ಗೊತ್ತೇ?" ಎಂದಳು ತಾಯಿ.

"ಬತ್ತಿದ ಹೊಳೆಯೇ ದಾರಿ, ಅಮ್ಮ. ತಮ್ಮನನ್ನೂ ನೀರನ್ನೂ ಕರೆದುಕೊಂಡೇ ಬರುತ್ತೇನೆ."

ಬೆಟ್ಟದ ಬುಡದ ಕಾಡಿನಲ್ಲಿ ಮಾತಾಡುವ ಹುಲಿ ಅಡ್ಡಗಟ್ಟಿತು. "ನಿನ್ನ ನಾಡಿನ ಹೆಮ್ಮೆ ಏನು? ಹೇಳಿದರೆ ನಿನಗೆ ದಾರಿ, ಹೇಳದಿದ್ದರೆ ನನಗೆ ಊಟ."

ಲಚ್ಚಲೆ ಹೇಳತೊಡಗಿದಳು. ಹೊಳೆಗಳ ಹೆಸರು, ಭತ್ತದ ಬಗೆ, ದಡಕ್ಕೊಂದು ನುಡಿ, ನುಡಿಗೊಂದು ಹಾಡು. ಬೆಳಗ್ಗೆ ಶುರುವಾದದ್ದು ಸಂಜೆಯಾದರೂ ಮುಗಿಯಲಿಲ್ಲ.

"ಸಾಕು ತಾಯಿ, ಹಸಿವೇ ಸತ್ತುಹೋಯಿತು. ಹೋಗು," ಎಂದು ಹುಲಿ ಆಕಳಿಸಿತು.

ಕಣಿವೆಯ ಬಾಗಿಲಲ್ಲಿ ಗುಡ್ಡದಷ್ಟು ದೊಡ್ಡ ಬಿಳಿ ಚಮರೀಮೃಗ ನಿಂತಿತ್ತು. "ತನ್ನ ಮನೆಯನ್ನು ಯಾರು ಹೊಗಳುವುದಿಲ್ಲ? ನನ್ನ ನಾಡಿನ ಹೆಮ್ಮೆ ಹೇಳು."

ಲಚ್ಚಲೆ ಸುತ್ತ ನೋಡಿದಳು. ಕಲ್ಲು. ಗಾಳಿ. ಹೆಮ್ಮೆಯೆನ್ನುವಂಥದ್ದು ಒಂದೂ ಕಾಣಲಿಲ್ಲ.

"ಕಲಿತು ಬಾ," ಎಂದಿತು ಮೃಗ.

ಹತ್ತಿರದಲ್ಲೇ ಕುರಿ ಕಾಯುವ ಮುದುಕಿ ಸಿಂಗವ್ವನ ಗುಡಾರವಿತ್ತು. ಅವಳು ಅರ್ಧ ಬಟ್ಟಲು ನೀರು ತಂದಳು, ಮನೆಯಲ್ಲಿದ್ದದ್ದು ಅಷ್ಟೇ.

"ಹೊಳೆಯವಳಲ್ಲವೇ ನೀನು? ನೀರು ಚೆಲ್ಲುವ ಜನ! ಇದನ್ನೂ ಚೆಲ್ಲುತ್ತೀಯೋ?"

ಮೊದಲ ಬೊಗಸೆಗೆಂದು ಬಟ್ಟಲಿಗೆ ಅದ್ದಿದ್ದ ಲಚ್ಚಲೆಯ ಕೈ ಅಲ್ಲೇ ನಿಂತಿತು. "ಚೆಲ್ಲಿದರೆ ಏನಜ್ಜಿ?"

"ಇಲ್ಲಿ ನೀರು ಅತಿಥಿಗೆ ಮೊದಲು, ಮಕ್ಕಳಿಗೆ ಆಮೇಲೆ, ನಮಗೆ ಕೊನೆಗೆ. ಕೊಟ್ಟ ನೀರು ನೆಲಕ್ಕೆ ಬಿಟ್ಟರೆ, ಈ ಮನೆ ಬತ್ತಿಹೋಗಲಿ ಅಂದ ಹಾಗೆ."

"ಅಯ್ಯೋ ಅಜ್ಜಿ! ನಮ್ಮಲ್ಲಿ ಮೊದಲ ಬೊಗಸೆ ಭೂಮಿತಾಯಿಗೆ. ನನ್ನ ತಮ್ಮ ಶಪಿಸಲಿಲ್ಲ, ನಿಮ್ಮ ನೆಲಕ್ಕೆ ಕೈಮುಗಿದ!"

"ಹಾಗಂತ ಬಾಯಿ ಬಿಟ್ಟು ಹೇಳಬಾರದಿತ್ತೇ ಆ ಕೂಸು?"

"ಹುಟ್ಟಿದಾಗಿನಿಂದ ಮಾಡಿದ್ದನ್ನು ಯಾರು ಹೇಳಿ ಮಾಡುತ್ತಾರೆ?"

ಲಚ್ಚಲೆ ಕೊನೆಯ ತೊಟ್ಟಿನವರೆಗೂ ಕುಡಿದಳು. ಸಿಂಗವ್ವ ತನ್ನ ಕಂಬಳಿ ತೆಗೆದು ಅವಳಿಗೆ ಹೊದಿಸಿದಳು. ಲಚ್ಚಲೆ ಮೃಗದ ಬಳಿಗೆ ಬಂದು, "ಇದ್ದದ್ದೇ ಅರ್ಧ ಬಟ್ಟಲು. ಅದನ್ನೂ ಅತಿಥಿಗೆ ಕೊಡುವ ನಾಡು ನಿನ್ನದು. ನಮ್ಮ ಹೊಳೆಗಿಂತ ಆ ಬಟ್ಟಲು ದೊಡ್ಡದು," ಎಂದಳು. ಮೃಗ ಮಂಡಿಯೂರಿ ಅವಳನ್ನು ಬೆನ್ನಿಗೇರಿಸಿಕೊಂಡು ಅರಮನೆಗೆ ಒಯ್ದಿತು.

ಅಲ್ಲಿ ಧೂಮಾಕ್ಷ ಬಟ್ಟಲು ಚಾಚಿದ. ಒಳಗೆ ಸಿರಿಹೊಳೆ ಮೊರೆಯುತ್ತಿತ್ತು. "ನೆಲಕ್ಕೆ ಸುರಿ, ನಿನ್ನ ನಾಡಿಗೆ ಹರಿಯುತ್ತದೆ. ಇಲ್ಲವೋ, ಬರಿಗೈಯಲ್ಲಿ ಹೋಗು."

ಪಕ್ಕದಲ್ಲೇ ಎರೆಗ, ಬಲಗೈ ಮುಂದೆ ಚಾಚಿದ ಉಪ್ಪಿನ ಬೊಂಬೆ. ಸುರಿದರೆ ತಮ್ಮ ಕರಗುತ್ತಾನೆ, ದೊರೆಯ ಸಿಟ್ಟು ಇಮ್ಮಡಿಯಾಗುತ್ತದೆ. ಲಚ್ಚಲೆ ಬಟ್ಟಲು ಹಿಡಿದು, ಸಿಂಹಾಸನ ಕಳೆದುಕೊಂಡು ಮೂಲೆಯಲ್ಲಿ ನಿಂತಿದ್ದ ಬೂತರಸನ ಮುಂದೆ ನೇರ ಹೋಗಿ ನಿಂತಳು.

"ದೊರೆಯೇ, ಪೂಜ್ಯರಿಗೆ ಮೊದಲ ಬೊಗಸೆ ಕೊಡುವುದು ನಮ್ಮ ವಾಡಿಕೆ. ನನ್ನ ತಮ್ಮ ನಿಮ್ಮ ನೆಲಕ್ಕೆ ಕೊಟ್ಟ. ನಾನು ನಿಮಗೆ ಕೊಡುತ್ತೇನೆ. ಕೈ ಒಡ್ಡಿ."

ಅವಳು ಅವನ ಬೊಗಸೆಗೆ ಎರೆದ ನೀರಿನಲ್ಲಿ ಒಂದು ತೊಟ್ಟೂ ಕೆಳಗೆ ಬೀಳಲಿಲ್ಲ. ಬೂತರಸ ಬೊಗಸೆಯ ನೀರನ್ನೇ ನೋಡುತ್ತ ನಿಂತ. "ಹಾಗಾದರೆ ಅಂದು ಆ ಹುಡುಗ..."

"ನಿಮ್ಮ ನಾಡಿಗೆ ನಮಸ್ಕಾರ ಮಾಡಿದ."

ದೊರೆ ಕುಡಿದ. ಆಮೇಲೆ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು, ಮೇಲುನಾಡಿನಲ್ಲಿ ಯಾರೂ ಎಂದೂ ಮಾಡದ್ದನ್ನು ಮಾಡಿದ. ತಾನೇ ನೀರನ್ನು ನೆಲಕ್ಕೆ ಸುರಿದ.

ಸಿಟ್ಟು ಆರಿತು. ಧೂಮಾಕ್ಷ ಹೊಗೆಯಾಗಿ ತೆಳುವಾದ, ಗಾಳಿ ಒಯ್ದಿತು. ಹೊಳೆ ಚಿಮ್ಮಿ ಎರಡು ಕವಲಾಯಿತು. ಒಂದು ತೆಂಕಣಕ್ಕೆ, ಒಂದು ಬಡಗಣಕ್ಕೆ. ಲಚ್ಚಲೆ ಓಡಿ ತಮ್ಮನನ್ನು ಕಂಬಳಿಯಲ್ಲಿ ಸುತ್ತಿ, ಉಪ್ಪು ಮೈಯಾಗುವವರೆಗೆ ಪ್ರವಾಹಕ್ಕೆ ಬೆನ್ನೊಡ್ಡಿ ನಿಂತಳು. ದೋಣಿಗಳು ತೇಲಿದವು. ಕಲ್ಲುನೆಲದಲ್ಲಿ ಮೊದಲ ಸಲ ಪೈರು ತಲೆದೂಗಿತು. ಎರಡೂ ದೇಶದವರು ಸುಖವಾಗಿ ಬಾಳಿದರು.

ಅದಕ್ಕೆ ತೆತ್ತದ್ದು ಇಷ್ಟು. ಸಿಂಗವ್ವನ ಹುಲ್ಲುಗಾವಲು ಹೊಸ ಹೊಳೆಯಲ್ಲಿ ಮುಳುಗಿತು. ಅವಳು ಕುರಿ ಹೊಡೆದುಕೊಂಡು ಇನ್ನೂ ಮೇಲಕ್ಕೆ ಹೋದಳು. ಎರೆಗನ ಚಾಚಿದ ಬಲಗೈ ಕಂಬಳಿಯ ಹೊರಗೆ ಉಳಿದಿತ್ತು. ಮಣಿಕಟ್ಟಿನವರೆಗೆ ಕರಗಿದ್ದು ಮತ್ತೆ ಬರಲಿಲ್ಲ. ವರ್ಷಕ್ಕೊಮ್ಮೆ ಎರಡೂ ದೇಶದವರು ನಡುಬೆಟ್ಟದ ಮೇಲೆ ಕೂಡಿದಾಗ, ಅವನ ಪಾಲಿನ ಮೊದಲ ಬೊಗಸೆಯನ್ನು ದೊರೆ ಬೂತರಸನೇ ನೆಲಕ್ಕೆ ಬಿಡುತ್ತಿದ್ದ.