ಟವಲ್ಲಿನ ಕೆಳಗಿನ ಕೈ

“ಈ ಅಂಗಡೀಲಿ ಇನ್ನೊಬ್ಬರ ಕೈ ಹಿಡಿದು ತೀರ್ಮಾನ ಮಾಡಿಸ್ಬೇಡಿ ಲಾಯರಪ್ಪ. ಹಾಗೆ ಮಾಡಿಸಿದೋರ ಕೈ ಆಮೇಲೆ ಅವರ ಮಾತು ಕೇಳಲ್ಲ.”

ತರಗುಪೇಟೆಯ ಬೇಳೆ ಮಂಡಿಯ ಬಾಗಿಲಲ್ಲಿ ಲಕ್ಕಮ್ಮ ಹೀಗೆಂದಾಗ ಲೋಹಿತ್ ನಕ್ಕುಬಿಟ್ಟ. ನಾಳೆ ನಿಮಗೇನಾದರೂ ಆದರೆ ವ್ಯಾಪಾರ ಯಾರು ನೋಡಿಕೊಳ್ಳುತ್ತಾರೆ ಎಂದು ಅಂಗಡಿ ಮಾಲೀಕರನ್ನು ಹೆದರಿಸಿ, ವಿಲ್ಲು, ಪವರ್ ಆಫ್ ಅಟಾರ್ನಿ ಬರೆಸುವುದೇ ಅವನ ಹೊಟ್ಟೆಪಾಡು. ದಾವಣಗೆರೆಯಿಂದ ಬಂದು ಬೆಂಗಳೂರಿನಲ್ಲಿ ಆಫೀಸು ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಹೆದರಿಸುವವನಿಗೆ ಇನ್ನೊಬ್ಬರ ಹೆದರಿಕೆ ಯಾವಾಗಲೂ ತಮಾಷೆಯೇ.

“ಮಾಟಾನಾ ಅಮ್ಮ? ಅದಕ್ಕೂ ಒಂದು ಲೀಗಲ್ ನೋಟಿಸ್ ಕಳಿಸೋಣ ಬಿಡಿ.”

ಲಕ್ಕಮ್ಮ ನಗಲಿಲ್ಲ. ಮಾಲೀಕ ಕೂರುವ ಗಾದಿಯ ಮೇಲಿನ ಮೊಳೆ ತೋರಿಸಿದಳು. ಅಲ್ಲೊಂದು ಕೆಂಪಂಚಿನ ಹಳೇ ಟವಲ್ಲು ನೇತಾಡುತ್ತಿತ್ತು. ಅಂಗಡಿಯಲ್ಲಿ ಎಲ್ಲದರ ಮೇಲೂ ಬೇಳೆಯ ಧೂಳು ಕೂತಿತ್ತು, ಅದರ ಮೇಲೆ ಮಾತ್ರ ಇರಲಿಲ್ಲ.

ಹಿಂದೆ ಇಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲವಂತೆ. ಕೊಳ್ಳುವವನೂ ಮಾರುವವನೂ ಟವಲ್ಲಿನ ಕೆಳಗೆ ಕೈಯಿಟ್ಟು ಬೆರಳು ಮುಟ್ಟಿ ಚೌಕಾಸಿ ಮಾಡುತ್ತಿದ್ದರು. ಬೆರಳೆಲ್ಲ ಮಡಚಿ ಮುಷ್ಟಿ ಕಟ್ಟಿದರೆ ಒಪ್ಪಿದ ಹಾಗೆ. ಲಕ್ಕಮ್ಮನ ಅಪ್ಪನಿಗೆ ಮುನಿಸ್ವಾಮಿ ಎಂಬ ಪಾಲುದಾರನಿದ್ದ. ಅವನು ವಿಪರೀತ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದಾಗ ಅಪ್ಪನೆಂಬ ಈ ಪುಣ್ಯಾತ್ಮ ಅವನ ಕೈಮೇಲೆ ಟವಲ್ಲು ಹಾಕಿದ. ಅವನ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಚಿದ. ಪಾಲು ಬಿಟ್ಟುಕೊಟ್ಟ ಎಂದು ನಾಲ್ಕು ಜನರ ಮುಂದೆ ಸಾರಿದ. ಮುನಿಸ್ವಾಮಿ ಸತ್ತ ಮೇಲೆ ಅವನ ಹೆಂಡತಿ ಅದೇ ಟವಲ್ಲಿಗೆ ಮಾಟ ಮಾಡಿಸಿ ತಂದು ಮೊಳೆಗೆ ಹಾಕಿಹೋದಳು. ಅದನ್ನು ತೆಗೆಯುವ ಧೈರ್ಯ ಇವತ್ತಿಗೂ ಯಾರಿಗೂ ಬಂದಿಲ್ಲ.

“ನಮ್ಮಪ್ಪ ಸಾಯೋವರೆಗೂ ತನ್ನ ಬಲಗೈನ ಮಂಚಕ್ಕೆ ಕಟ್ಕೊಂಡು ಮಲಗ್ತಿದ್ದ,” ಎಂದಳು ಲಕ್ಕಮ್ಮ.

ಅಷ್ಟರಲ್ಲಿ ಲೋಹಿತನ ಫೋನು ಬಡಿದುಕೊಂಡಿತು. ಹೆಂಡತಿ ನಂದಿತಾ. ಮಾರನೇ ಬೆಳಿಗ್ಗೆ ಅವಳ ಗರ್ಭಕೋಶದ ಗೆಡ್ಡೆ ತೆಗೆಯುವ ಆಪರೇಷನ್ನಿತ್ತು.

“ಲೋಹಿ, ಇನ್ನೊಂದ್ ಸಲ ಹೇಳ್ತೀನಿ. ಗೆಡ್ಡೆ ಮಾತ್ರ. ತೀರಾ ಪ್ರಾಣಕ್ಕೆ ಬಂದ್ರೆ ಬೇರೆ ಮಾತು. ಇಲ್ಲಾಂದ್ರೆ ಗರ್ಭಕೋಶ ತೆಗೆಯೋಕೆ ನನ್ನ ಪರವಾಗಿ ನೀನು ಹೂಂ ಅನ್ಬೇಡ. ಬರೆದು ಕೊಟ್ಬಿಡ್ಲಾ?”

“ಗಂಡ ಹೆಂಡ್ತಿ ಮಧ್ಯೆ ಕಾಗದ ಯಾಕೆ? ಮಗು ನನಗೂ ಬೇಕಲ್ವೇನೇ,” ಅಂದ. ಊರಿಗೆಲ್ಲ ಕಾಗದ ಮಾಡಿಕೊಡುವವನ ಮಾತು ಇದು!

ಒಳಗೆ ಗಾದಿಯ ಮೇಲೆ ಲಕ್ಕಮ್ಮನ ತಮ್ಮ ಧರ್ಮರಾಜು ಕೂತಿದ್ದ. ಪಾರ್ಶ್ವವಾಯು ಹೊಡೆದು ಬಲಗೈ ಸೋತಿತ್ತು, ತಲೆ ಮಾತ್ರ ಚುರುಕಾಗಿತ್ತು. ಮಂಡಿಯನ್ನು ಮಾರುವ ಅಧಿಕಾರವೂ ಸೇರಿದಂತೆ ಎಲ್ಲವನ್ನೂ ಮಗ ಧರ್ಮೇಂದ್ರನಿಗೆ ಕೊಡುವ ಪವರ್ ಆಫ್ ಅಟಾರ್ನಿ ಮುಂದಿತ್ತು. ಲೋಹಿತನನ್ನು ಕರೆಸಿದವನೂ ಆ ಮಗನೇ.

“ಅಂಗಡಿ ನಡೆಸ್ತಿರೋಳು ನನ್ನ ಮಗಳು ಧನಲಕ್ಷ್ಮಿ. ಅವಳನ್ನ ಒಂದ್ ಮಾತು ಕೇಳ್ಬೇಕು,” ಎಂದ ಮುದುಕ. “ಇವತ್ತು ಬೇಡ ಸಾರ್.”

ಪಕ್ಕದಲ್ಲೇ ನಿಂತಿದ್ದ ಧರ್ಮೇಂದ್ರ ಗಡಿಯಾರ ನೋಡಿದ. ಲೋಹಿತನಿಗೂ ಆತುರ. ನಾಳೆ ಆಸ್ಪತ್ರೆ, ಇವತ್ತೇ ಮುಗಿದರೆ ಒಳ್ಳೆಯದು. ಪಾಪ, ಕೈ ಬಲವಿಲ್ಲ, ಆಸರೆ ಕೊಟ್ಟರೆ ತಪ್ಪೇನು ಎಂದು ತನಗೆ ತಾನೇ ಹೇಳಿಕೊಂಡ. ಮುದುಕನ ಸೋತ ಕೈಯ ಹೆಬ್ಬೆರಳನ್ನು ಹಿಡಿದು ಇಂಕಿಗೆ ಅದ್ದಿದ.

“ಬೇಡ ಅಂದ್ನಲ್ಲಪ್ಪ...”

ಕಾಗದಕ್ಕೆ ಒತ್ತಿಬಿಟ್ಟ.

ಕರೆಂಟು ಹೋಯಿತು. ಮೂಟೆಗಳ ಮಧ್ಯೆ ಮಟಮಟ ಮಧ್ಯಾಹ್ನವೇ ಕತ್ತಲು ಕವಿಯಿತು. ಗೋಣಿಯ ವಾಸನೆ, ಒಣಮೆಣಸಿನಕಾಯಿಯ ಘಾಟು, ಅವೆರಡನ್ನೂ ಮೀರಿ ಬಹಳ ದಿನ ಹಾಸಿಗೆ ಹಿಡಿದವರ ಬೆವರಿನ ವಾಸನೆ. ಅವನ ಕೈಮೇಲೆ ಬಟ್ಟೆ ಬಿತ್ತು. ಟವಲ್ಲು. ಅದರ ಕೆಳಗೆ ಮೂರನೆಯದೊಂದು ಕೈ ಇತ್ತು.

ಜ್ವರದ ಕೈ. ಕೆಂಡದಂತೆ ಸುಡುತ್ತಿತ್ತು. ಅದು ಅವನ ಕಿರುಬೆರಳು ಮುಟ್ಟಿತು. ಮಡಚಿತು. ಉಂಗುರದ ಬೆರಳು. ಮಡಚಿತು.

“ಮುಷ್ಟಿ ಕಟ್ಬೇಡಿ!” ಲಕ್ಕಮ್ಮ ಕಿರುಚಿದಳು. “ಕೈ ಬಿಚ್ಚಿ! ಬಿಚ್ಚಿ ಸ್ವಾಮಿ!”

ಆಗಲಿಲ್ಲ. ಹೆಬ್ಬೆರಳೂ ಮಡಚಿತು.

ಕರೆಂಟು ಬಂತು. ಟವಲ್ಲು ಮೊಳೆಯ ಮೇಲೇ ಇತ್ತು. ಧರ್ಮರಾಜು ಕಣ್ಣು ಮುಚ್ಚಿಕೊಂಡು ಅಳುತ್ತಿದ್ದ. ಲಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು. “ಆ ಕಾಗದ ಈಗ್ಲೇ ಹರಿದು ಹಾಕಿ. ತಪ್ಪಾಯ್ತು ಅಂತ ನನ್ನ ತಮ್ಮನ್ನ ಕೇಳ್ಕೊಳಿ. ಇನ್ನೂ ಹೊತ್ತಿದೆ.”

“ಸೆಕೆಗೆ ತಲೆ ತಿರುಗಿತು ಅಷ್ಟೇ,” ಎಂದು ಲೋಹಿತ್ ಕಾಗದವನ್ನು ಬ್ಯಾಗಿಗೆ ತುರುಕಿ ಹೊರಬಿದ್ದ. ತಪ್ಪು ಒಪ್ಪಿಕೊಳ್ಳುವುದು ಅವನ ಜಾಯಮಾನವೇ ಅಲ್ಲ.

ಸಂಜೆಯಿಂದ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಮೈ ತಣ್ಣಗಿತ್ತು, ಬಲಗೈ ಮಾತ್ರ ಸುಡುತ್ತಿತ್ತು. ಸ್ಕೂಟರಿನಲ್ಲಿ ಬ್ರೇಕ್ ಹಿಡಿಯಬೇಕೆಂದರೆ ಅದು ಆಕ್ಸಿಲರೇಟರ್ ತಿರುಗಿಸಿತು. ಕಾಫಿಗೆ ಚಾಚಿದರೆ ಲೋಟವನ್ನು ದೂರ ಸರಿಸಿತು. ನಂದಿತಾ ನಕ್ಕಳು. “ಆಪರೇಷನ್ ನನಗೆ ಕಣೋ, ನಡುಕ ನಿನಗ್ಯಾಕೆ?” ಹೇಳಿಬಿಡಬೇಕು ಅನ್ನಿಸಿತು. ನಾಚಿಕೆ ಬಿಡಲಿಲ್ಲ.

ಬೆಳಿಗ್ಗೆ ವಿ.ವಿ.ಪುರಂನ ನರ್ಸಿಂಗ್ ಹೋಮಿನಲ್ಲಿ ಅವಳನ್ನು ಒಳಗೆ ಕರೆದೊಯ್ದರು. ಹೋಗುವ ಮುಂಚೆ ಅವನ ಕೈ ಹಿಡಿದು “ನೆನಪಿದೆ ತಾನೇ?” ಅಂದಳು. ಫಿನಾಯಿಲ್ ವಾಸನೆಯ ಕಾರಿಡಾರಿನಲ್ಲಿ ಒಬ್ಬನೇ ಉಳಿದ. ಆಗ ನಿಜವಾಗಿ ಭಯವಾಯಿತು. ಬ್ಯಾಗಿನಿಂದ ಆ ಕಾಗದ ತೆಗೆದ. ಹರಿಯಲು ಹೋದ. ಬಲಗೈ ಎಡಗೈಯ ಬೆರಳುಗಳನ್ನು ಬಿಡಿಸಿ, ಕಾಗದವನ್ನು ಮಡಚಿ, ಮತ್ತೆ ಬ್ಯಾಗಿಗೆ ಹಾಕಿತು.

ಡಾಕ್ಟರು ಬಾಗಿಲು ತೆರೆದರು. “ರಕ್ತ ಸ್ವಲ್ಪ ಜಾಸ್ತಿ ಹೋಗ್ತಿದೆ. ಪ್ರಾಣಕ್ಕೇನೂ ಅಪಾಯ ಇಲ್ಲ. ನಿಲ್ಲಿಸೋಕೆ ಇನ್ನೊಂದು ಪ್ರಯತ್ನ ಮಾಡಬಹುದು, ಇಲ್ಲ ಗರ್ಭಕೋಶ ತೆಗೆದುಬಿಡಬಹುದು. ನೀವು ಬೇಗ ಹೇಳ್ಬೇಕು.”

ಪ್ರಯತ್ನ ಮಾಡಿ. ಅಷ್ಟೇ ಅನ್ನಬೇಕಿತ್ತು. ಬಾಯಿ ತೆರೆದ. ಬಲಗೈ ಎದ್ದಿತು. ನರ್ಸಿನ ಕೈಯಿಂದ ಪೆನ್ನು ಕಸಿಯಿತು. ಬೇಡ. ಎಡಗೈಯಲ್ಲಿ ಜಗ್ಗಿದ. ಬೇಡ, ಬೇಡ. ಒಪ್ಪಿಗೆಯ ಕೆಳಗೆ ಅವನದೇ ಸಹಿ ಬಿತ್ತು, ದುಂಡಗೆ, ಸ್ಪಷ್ಟವಾಗಿ. ಕೂಗಬೇಕೆಂದುಕೊಂಡ. ಸುಡುವ ಅಂಗೈ ಬಂದು ಅವನ ಬಾಯನ್ನೇ ಒತ್ತಿ ಮುಚ್ಚಿತು. ಬಾಗಿಲು ಮುಚ್ಚಿಕೊಂಡಿತು.

“ಅಳ್ಬೇಡಿ ಸಾರ್,” ನರ್ಸು ಅವನ ಬೆನ್ನು ಸವರಿದಳು. “ಒಳ್ಳೇ ತೀರ್ಮಾನಾನೇ ತಗೊಂಡಿದೀರ.”

ಸಂಜೆ ನಂದಿತಾಳಿಗೆ ಎಚ್ಚರವಾಯಿತು. ತುಟಿ ಒಣಗಿತ್ತು. ಹೊದಿಕೆಯ ಕೆಳಗಿನಿಂದಲೇ ಅವಳ ಕೈ ತಡಕಾಡಿ ಅವನ ಬಲಗೈ ಹಿಡಿದು ಒಳಗೆಳೆದುಕೊಂಡಿತು. ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ.

“ಲೋಹಿ... ನೀನು ಬೇಡ ಅಂದೆ ತಾನೇ?”

ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೊದಿಕೆಯ ಕೆಳಗೆ ಅವನ ಬೆರಳುಗಳು ಅವಳ ಕಿರುಬೆರಳನ್ನು ಮೆಲ್ಲಗೆ ಮಡಚಿದವು. ಆಮೇಲೆ ಉಂಗುರದ ಬೆರಳನ್ನು.