ಮೇಸ್ತ್ರಿಯ ಹೊಸ ಸೈಲೆನ್ಸರ್

ಮಾರ್ಚ್ ಹನ್ನೆರಡನೇ ತಾರೀಖು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನವಷ್ಟೇ ಗಂಡನನ್ನು ಕಳೆದುಕೊಂಡಿದ್ದ ಆಕೆ ಅಳುತ್ತಲೂ ಇರಲಿಲ್ಲ. ಅತ್ತು ಮುಗಿಸಿ, ಮುಖ ತೊಳೆದು, ಗಟ್ಟಿ ಮನಸ್ಸು ಮಾಡಿಕೊಂಡು ಬಂದವರ ಹಾಗಿದ್ದರು.

"ನಿಮ್ಮವರು ಒಂದು ಸಾಲು ಬರ್ದಿದ್ದಾರೆ. ಅದನ್ನ ತೆಗೀಬೇಕು," ಎಂದರು.

"ಯಾವ ಸಾಲು ಅಮ್ಮಾ?" ಇನ್‌ಸ್ಪೆಕ್ಟರ್ ಕೇಳಿದರು. ಆ ಮಹಿಳಾ ಅಧಿಕಾರಿ ಈ ಠಾಣೆಗೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಇಂಥ ಸಾಲುಗಳ ಕೆಳಗೆ ಆಕೆ ಸಹಿ ಹಾಕಿದ್ದಕ್ಕೆ ಲೆಕ್ಕವಿರಲಿಲ್ಲ.

"'ಸ್ವಂತ ಅಜಾಗರೂಕತೆಯಿಂದ' ಅಂತ."

ಬರೆದಿದ್ದ ದಫೇದಾರರು ಪಕ್ಕದ ಮೇಜಿನಲ್ಲೇ ಇದ್ದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಕನ್ನಡಕ ತೆಗೆದು ಒರೆಸತೊಡಗಿದರು.

ಪ್ರಕರಣ ಹಿಂದಿನ ದಿನವೇ ಅಸಹಜ ಸಾವೆಂದು ದಾಖಲಾಗಿತ್ತು. ಸತ್ತವರು ಅರವತ್ತೊಂದು ವರ್ಷದವರು, ಬಸ್ ಡಿಪೋದಲ್ಲಿ ಇಂಜಿನ್ ಪರೀಕ್ಷಕರಾಗಿದ್ದು ನಿವೃತ್ತರಾದವರು. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದ ಆಸಾಮಿ. ತಿಂಗಳ ಹಿಂದೆ ತಮ್ಮ ಹಳೆಯ ಪೆಟ್ರೋಲ್ ಕಾರಿಗೆ ಹೊಸ ಸೈಲೆನ್ಸರ್ ತಂದು, ಮನೆಯ ಶೆಡ್ಡಿನಲ್ಲಿ ತಾವೇ ಜೋಡಿಸಿದ್ದರು. ಮಂಗಳವಾರ ಬೆಳಿಗ್ಗೆ ಶಟರ್ ಎಳೆದ ಶೆಡ್ಡಿನೊಳಗೆ ಇಂಜಿನ್ ಓಡುತ್ತಿತ್ತು, ಮೇಸ್ತ್ರಿ ಚಾಲಕನ ಸೀಟಿನಲ್ಲಿ ಒರಗಿದ್ದರು. ಪಕ್ಕದ ಸಣ್ಣ ಬಾಗಿಲಿನಿಂದ ಕಾಫಿ ತಂದ ಹೆಂಡತಿ ಎಷ್ಟು ಅಲುಗಿಸಿದರೂ ಏಳಲಿಲ್ಲ. ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತಕ್ಕೆ ಸೇರಿ ಸಾವಾಗಿದೆ ಎಂದು ವೈದ್ಯರು ಬರೆದುಕೊಟ್ಟರು.

"ಶಟರ್ ಮುಚ್ಚಿ ಇಂಜಿನ್ ಓಡಿಸಿದ್ರಲ್ಲಮ್ಮಾ," ಇನ್‌ಸ್ಪೆಕ್ಟರ್ ಮೆಲ್ಲಗೆ ಹೇಳಿದರು.

"ಹೊಗೆ ಹೊರಗೆ ಹೋಗೋಕೆ ಕೊಳವೆ ಇದೆ. ಡಿಪೋದಲ್ಲಿರೋ ಥರದ್ದೇ. ಸೈಲೆನ್ಸರ್ ಬಾಯಿಂದ ಗೋಡೆ ತೂತಿನವರೆಗೆ. ನಿಮ್ಮವರು ಶೆಡ್ ಬಾಗಿಲಲ್ಲೇ ನಿಂತು ಬರ್ಕೊಂಡು ಹೋದ್ರು, ಕಾರಿನ ಕೆಳಗೆ ಯಾರು ಬಗ್ಗಿ ನೋಡಿದ್ರು?" ಆಕೆ ಮೇಜಿಗೆ ಇನ್ನಷ್ಟು ಹತ್ತಿರ ಬಂದರು. "ಜೀವಮಾನವಿಡೀ ಒಂದು ನಟ್ಟು ಸಡಿಲ ಬಿಟ್ಟವರಲ್ಲ. ಹೋದವರು ಹೋದ್ರು. ಕೆಲಸಗೇಡಿ ಅಂತ ಮಾತ್ರ ಅನ್ನಿಸ್ಕೋಬಾರದು."

ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡರು. "ದಫೇದಾರ್ರೇ, ಜೀಪು ತೆಗೀರಿ. ಮೋಟಾರು ನಿರೀಕ್ಷಕರಿಗೂ ಬರೋಕೆ ಹೇಳಿ."

ಶೆಡ್ ಒಂದು ಕಾರು ಹಿಡಿಯುವಷ್ಟೇ ಅಗಲ. ಗೋಡೆಯ ಹಲಗೆಗೆ ಪ್ರತಿ ಪಾನಾ ಅದರದೇ ಆಕಾರದ ಗೆರೆಯೊಳಗೆ ನೇತಾಡುತ್ತಿತ್ತು. ನೆಲದಲ್ಲಿ ಎಣ್ಣೆಯ ಒಂದು ಹನಿಯಿಲ್ಲ. ದಫೇದಾರರು ನೋಡಿ, "ನಮ್ಮನೆ ಅಡುಗೆಮನೆ ಇಷ್ಟು ಚೊಕ್ಕ ಇದ್ದಿದ್ರೆ ನಾನು ಮನೇಲೇ ಊಟ ಮಾಡ್ತಿದ್ದೆ," ಎಂದರು. ಇನ್‌ಸ್ಪೆಕ್ಟರ್ ತಿರುಗಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡರು.

ಬೀದಿಯ ಇಬ್ಬರು ಪಂಚರನ್ನು ನಿಲ್ಲಿಸಿ ಪಂಚನಾಮೆ ಆರಂಭವಾಗಿದ್ದು ಹನ್ನೊಂದೂವರೆಗೆ. ನಿರೀಕ್ಷಕ ಕಾರಿನ ಮುಂಭಾಗವನ್ನು ಜಾಕ್ ಕೊಟ್ಟು ಎತ್ತಿಸಿ, ಬೆನ್ನಿನ ಮೇಲೆ ಮಲಗಿ ಒಳಗೆ ಜಾರಿದ. ಹೊಗೆ ಸಾಗಿಸುವ ಕೊಳವೆಗೂ ತುದಿಯ ಕ್ಲ್ಯಾಂಪಿಗೂ ಏನೂ ಆಗಿರಲಿಲ್ಲ. ಇಂಜಿನ್ನಿನಿಂದ ಬರುವ ಪೈಪು ಹೊಸ ಸೈಲೆನ್ಸರ್ ಸೇರುವ ಜಾಗದಲ್ಲಿ ಮೂರು ನಟ್ಟುಗಳಿದ್ದವು. ಅವನು ಅಲ್ಲೇ ಬಹಳ ಹೊತ್ತು ಇದ್ದ.

"ಮೇಡಂ, ಒಂದ್ಸಲ ಬಂದು ನೋಡಿ."

ಇನ್‌ಸ್ಪೆಕ್ಟರ್ ಗೋಣಿ ಹಾಸಿ ಮಲಗಿದರು. ಟಾರ್ಚಿನ ಬೆಳಕಿನಲ್ಲಿ ಮೂರೂ ನಟ್ಟುಗಳ ಮೇಲೆ ಬಿಳಿ ಬಣ್ಣದ ಸಣ್ಣ ಗೆರೆ ಕಂಡಿತು.

"ನಟ್ಟು ಬಿಗಿ ಮಾಡಿದ ಮೇಲೆ ನಟ್ಟಿನಿಂದ ತಗಡಿನವರೆಗೆ ಒಂದೇ ಗೆರೆ ಎಳೀತಾರೆ. ನಟ್ಟು ಅಲುಗಿದ್ರೆ ಗೆರೆ ತುಂಡಾಗುತ್ತೆ. ಮೇಲಿನದು ಸರಿಯಾಗಿದೆ ನೋಡಿ. ಕೆಳಗಿನ ಎರಡು?"

ಕೆಳಗಿನ ಎರಡರಲ್ಲೂ ನಟ್ಟಿನ ಮೇಲಿನ ಗೆರೆ ತಗಡಿನ ಗೆರೆಗೆ ತಿರುಗಾಮುರುಗಾ ಆಗಿ, ಎದುರು ದಿಕ್ಕಿನಲ್ಲಿತ್ತು. ನಿರೀಕ್ಷಕ ಬಟ್ಟೆ ಸುತ್ತಿದ ಪಾನಾ ಹಾಕಿ, ಎಣಿಸುತ್ತ ಒಂದೊಂದನ್ನೇ ಬಿಗಿ ಮಾಡಿ, ಮತ್ತೆ ಇದ್ದ ಹಾಗೇ ಸಡಿಲಿಸಿದ.

"ಒಂದೂವರೆ ಸುತ್ತು. ಎರಡೂ ಒಂದೇ ಸಮ. ಅಲುಗಾಟಕ್ಕೆ ಸಡಿಲ ಆಗಿದ್ರೆ ಒಂದು ಹೆಚ್ಚು, ಒಂದು ಕಮ್ಮಿ ಆಗ್ತಿತ್ತು. ಇದು ಕೈಕೆಲಸ ಮೇಡಂ."

"ಮೂರನೇದನ್ನ ಯಾಕೆ ಬಿಟ್ಟ?"

"ಅಡ್ಡಪಟ್ಟಿ ಅಡ್ಡ ಇದೆ. ಗಾಡಿ ಎತ್ತದೆ ಅಲ್ಲಿಗೆ ಕೈ ಹೋಗಲ್ಲ."

ಶಟರ್ ಪೂರ್ತಿ ಮೇಲೆತ್ತಿ ಕಾರನ್ನು ಚಾಲೂ ಮಾಡಿದರು. ಗೋಡೆಯ ತೂತಿನಿಂದ ಗುಡುಗಿನಂಥ ಸದ್ದು ಹೊರಗೆ ನುಗ್ಗಿತು. ಅದರ ಜೊತೆಗೆ ಕಾರಿನ ಹೊಟ್ಟೆಯೊಳಗಿಂದ ಚೂಪಾದ ಸಿಳ್ಳೆಯೊಂದು ಎದ್ದಿತು. ಗೇಟಿನಾಚೆ ನಿಂತಿದ್ದ ದಫೇದಾರರು ಎರಡೂ ಕಿವಿ ಮುಚ್ಚಿಕೊಂಡು ಓಡಿ ಬಂದರು.

"ಏನ್ರೀ ಇದು, ಹತ್ತು ಕುಕ್ಕರ್ ಒಟ್ಟಿಗೆ ಕೂಗಿದ ಹಾಗೆ! ಹೊಗೆ ವಾಸನೆ ಬಿಡಿ, ಅಷ್ಟು ವರ್ಷ ಡಿಪೋ ಹೊಗೆ ಕುಡಿದ ಮೂಗಿಗೆ ಅದೇನೂ ಅಲ್ಲ. ಆದ್ರೆ ಇಂಜಿನ್ ಪರೀಕ್ಷಕನಿಗೆ ಇದು ಕೇಳಿಸ್ಲಿಲ್ವಾ?"

ಮೇಸ್ತ್ರಿಯ ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮನೆಯೊಳಗೆ ಹೋದರು. ಇನ್‌ಸ್ಪೆಕ್ಟರ್ ಹಿಂದೆಯೇ ಹೋಗಿ, ಸೌಜನ್ಯಕ್ಕೆಂದು ಬಾಗಿಲ ಬೆಲ್ ಒತ್ತಿದರು. ಬೆಲ್ ಸದ್ದು ಮಾಡಲಿಲ್ಲ. ನಡುಮನೆಯಲ್ಲಿ ಒಂದು ಕೆಂಪು ದೀಪ ಹೊತ್ತಿತು. ಒಳಗೆ ಕಣ್ಣಾಡಿಸಿದರೆ ಅಡುಗೆಮನೆಯಲ್ಲೂ ಒಂದು, ಮಲಗುವ ಕೋಣೆಯಲ್ಲೂ ಒಂದು.

"ಎಷ್ಟು ವರ್ಷದಿಂದ ಅಮ್ಮಾ?"

ಆಕೆ ಈಗ ಕೂತರು. "ಮೂರು ವರ್ಷ. ಮೊದಲು ಹಕ್ಕಿ ಕೂಗೋದು ಹೋಯ್ತು, ಆಮೇಲೆ ಸಿಳ್ಳೆ, ಆಮೇಲೆ ನನ್ನ ಮಾತು. ಗುಡುಗಿದ ಹಾಗಿರೋ ಸದ್ದು ಮಾತ್ರ ಒಂಚೂರು ಉಳಿದಿತ್ತು. ಯಾರಿಗೂ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು. ಕಿವಿಯಿಂದ ಬಾಳಿದ ಮನುಷ್ಯ ಕಿವುಡ ಅಂತ ಹೆಂಗೆ ಅನ್ನಿಸ್ಕೋತಾರೆ? ತುಟಿ ನೋಡಿ ಮಾತು ತಿಳ್ಕೊಳ್ಳೋದು ಕಲಿತ್ಕೊಂಡ್ರು. ಈ ಸೈಲೆನ್ಸರ್ ಹಾಕಿದ ದಿನ ಮಗುವಿನ ಹಾಗೆ ಕುಣಿದಾಡಿದ್ರು. 'ಇಂಜಿನ್ ಕೇಳಿಸ್ತಿದೆ ಕಣೇ' ಅಂತ. ದಿನಾ ಬೆಳಿಗ್ಗೆ ಅರ್ಧ ಗಂಟೆ ಅದರೊಳಗೆ ಕೂತಿರೋರು. ಸದ್ದು ಜಾಸ್ತಿ ಅಂತ ನನಗೆ ಗೊತ್ತಿತ್ತು. ಬಾಯಿ ಬರ್ಲಿಲ್ಲ."

"ಶಟರ್ ದಿನಾ ಮುಚ್ಚಿರ್ತಿತ್ತಾ?"

"ಇಲ್ಲ." ಆಕೆ ನೆಲ ನೋಡಿದರು. "ಮಂಗಳವಾರ ನಾನೇ ಹೇಳಿದ್ದು. ಪಕ್ಕದ ಮನೆಯವನು ಪಾಪ ರಾತ್ರಿಯೆಲ್ಲಾ ದುಡಿದು ಆಗಷ್ಟೇ ಮಲಗಿರ್ತಾನೆ, ಶಟರ್ ಎಳ್ಕೊಳ್ಳಿ ಅಂತ."

ಮಧ್ಯಾಹ್ನ ಒಂದೂಕಾಲಕ್ಕೆ ಎಫ್‌ಐಆರ್ ದಾಖಲಾಯಿತು: ಅಪರಿಚಿತ ವ್ಯಕ್ತಿ ಶೆಡ್ ಪ್ರವೇಶಿಸಿ ವಾಹನದ ಭಾಗಗಳನ್ನು ಸಡಿಲಗೊಳಿಸಿ ಸಾವಿಗೆ ಕಾರಣನಾದ ಬಗ್ಗೆ. ಶೆಡ್ಡಿನ ಬೀಗ ಒಡೆದಿರಲಿಲ್ಲ. ಶನಿವಾರವಷ್ಟೇ ಮೇಸ್ತ್ರಿ ಕಾರು ಓಡಿಸಿ, ತಣ್ಣಗಾದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ, ಆ ಬಿಳಿ ಗೆರೆ ಎಳೆದಿದ್ದರು. ಹೆಂಡತಿಯೇ ಬಣ್ಣದ ಡಬ್ಬಿ ಹಿಡಿದುಕೊಂಡಿದ್ದರು. ಹಾಗಾಗಿ ನಟ್ಟು ಸಡಿಲವಾಗಿದ್ದು ಆಮೇಲೆಯೇ. ಸೋಮವಾರ ಸಂಜೆ ಗಂಡ ಹೆಂಡಿರಿಬ್ಬರೂ ಎರಡು ಗಂಟೆ ಹೊರಗೆ ಹೋಗಿದ್ದರು.

ಸೈಲೆನ್ಸರ್ ಮಾರಿದ ಅಂಗಡಿಯವನು ಮಾತಿನ ಮಲ್ಲ. ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟ.

"ನೆನಪಿಲ್ದೆ ಏನು ಮೇಡಂ! ಹೊಗೆ ಅಳತೆ, ಪೈಪಿನ ದಪ್ಪ, ತುಕ್ಕು ಹಿಡಿಯುತ್ತಾ ಇಲ್ವಾ, ಎಲ್ಲಾ ಕೇಳಿದ್ರು. ಮೆತ್ತಗಿನ ಸದ್ದಿನದು ತೋರಿಸ್ದೆ, ಬೇಡ ಅಂದ್ರು. ಅದಕ್ಕಿಂತ ಜೋರಿನದು, ಅದೂ ಬೇಡ. ಕೊನೆಗೆ ರೇಸ್ ಹುಡುಗರು ತಗೊಳ್ಳೋದನ್ನ ಅಂಗಡಿ ಇಂಜಿನ್ನಿಗೆ ಹಾಕಿ ಚಾಲೂ ಮಾಡ್ದೆ. ಪೈಪಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಕೊಂಡು ನಿಂತ್ರು. 'ಯಜಮಾನ್ರೇ, ಈ ವಯಸ್ಸಲ್ಲಿ ಯಾರನ್ನ ಓಡಿಸ್ಕೊಂಡು ಹೋಗ್ಬೇಕು ಅಂತಿದ್ದೀರಿ?' ಅಂತ ತಮಾಷೆ ಮಾಡ್ದೆ. ನನ್ನ ಕಡೆ ಬೆನ್ನಿತ್ತು, ತಿರುಗ್ಲೇ ಇಲ್ಲ. ಕೋಪ ಬಂತೇನೋ ಅಂದ್ಕೊಂಡೆ."

"ಜೊತೆಗೆ ಯಾರಿದ್ರು?"

"ತಮ್ಮ ಇರ್ಬೇಕು. ಅಣ್ಣಾ ಅಣ್ಣಾ ಅಂತಿದ್ರು. ನಿಂತಲ್ಲೇ ತೂಕಡಿಸ್ತಿದ್ರು ಪಾಪ. ಇದೇ ತಗೊಳ್ಲಾ ಅಂತ ಕೇಳಿದಾಗ, 'ತುಂಬಾ ಚೆನ್ನಾಗಿದೆ ಅಣ್ಣಾ' ಅಂದ್ರು."

ಮೇಸ್ತ್ರಿಗೆ ತಮ್ಮಂದಿರಿರಲಿಲ್ಲ. ಹಾಗೆ ಕರೆಯುತ್ತಿದ್ದವನು ಪಕ್ಕದ ಮನೆಯವನು, ಬ್ರೆಡ್ ಕಾರ್ಖಾನೆಯ ರಾತ್ರಿ ಪಾಳಿಯ ಕೆಲಸಗಾರ. ಬೆಳಿಗ್ಗೆ ಬರುವಾಗ ಬೀದಿಯ ಮಕ್ಕಳಿಗೆ ಬನ್ ತರುತ್ತಾನೆಂದು ಅವನ ಹೆಸರೇ ಬನ್ ಮಾವ ಎಂದಾಗಿತ್ತು. ಸೈಲೆನ್ಸರ್ ಜೋಡಿಸುವಾಗ ಎರಡು ಭಾನುವಾರ ಕಾರಿನ ಕೆಳಗೆ ಮಲಗಿ ಪೈಪು ಎತ್ತಿ ಹಿಡಿದವನೂ ಅವನೇ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನ ಬಾಗಿಲು ತಟ್ಟಿದರು. ಹೆಂಡತಿ ಕೆಲಸಕ್ಕೆ, ಮಗಳು ಶಾಲೆಗೆ ಹೋಗಿದ್ದರು. ಬಾಗಿಲು ತೆಗೆದವನ ಕಣ್ಣು ಕೆಂಡವಾಗಿತ್ತು. ಎಡಗೈಯ ಎರಡು ಬೆರಳಿಗೆ ಬ್ಯಾಂಡೇಜು. ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಜಡಿದು, ಅದರ ಮೇಲೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಸಾಲಾಗಿ ಅಂಟಿಸಲಾಗಿತ್ತು. ಕಂಬಳಿಯ ಅಂಚು ಸರಿಸಿದರೆ ಎದುರಿಗೇ ಮೇಸ್ತ್ರಿಯ ಶೆಡ್ಡಿನ ಗೋಡೆ, ಅದರಲ್ಲಿ ಹೊಗೆಕೊಳವೆಯ ಬಾಯಿ.

"ಬೆರಳಿಗೆ ಏನಾಯ್ತು?"

"ಬ್ರೆಡ್ ಕೊಯ್ಯೋ ಮಷೀನು. ಎರಡು ವಾರ ಆಯ್ತು. ಕಣ್ಣು ಮುಚ್ಚೋಯ್ತು."

"ಶೆಡ್ಡಿನ ಪಕ್ಕದ ಬಾಗಿಲ ಕೀಲಿ ಯಾರ ಹತ್ರ ಇದೆ?"

"ಅಣ್ಣನ ಹತ್ರ ಒಂದು. ನನ್ನ ಹತ್ರ ಒಂದು. ಅವರೇ ಕೊಟ್ಟಿದ್ದು."

"ಸೋಮವಾರ ಸಂಜೆ ಎಲ್ಲಿದ್ರಿ?"

"ಇಲ್ಲೇ. ಏಳೂವರೆಗೆ ಡ್ಯೂಟಿಗೆ ಹೋದೆ."

ಇನ್‌ಸ್ಪೆಕ್ಟರ್ ದನಿ ಏರಿಸಲಿಲ್ಲ. "ಮೂರನೇ ನಟ್ಟು ಯಾಕೆ ಬಿಟ್ರಿ?"

"ಅದಕ್ಕೆ ಕೈ ಹೋಗಲ್ಲ ಮೇಡಂ, ಜಾಕ್ ಹಾಕ್ಬೇ..."

ಮಾತು ಅರ್ಧಕ್ಕೆ ನಿಂತಿತು. ದಫೇದಾರರ ಪೆನ್ನೂ ನಿಂತಿತು. ಬನ್ ಮಾವ ಮಂಚದ ಅಂಚಿನಲ್ಲಿ ಕುಸಿದು, ಬ್ಯಾಂಡೇಜಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದ. ಆಮೇಲೆ ಕೈ ತೆಗೆದ.

"ಸಾಯಿಸೋಕಲ್ಲ ಮೇಡಂ. ಸದ್ದು ಕೆಡಿಸೋಕೆ. ಜಾಯಿಂಟಲ್ಲಿ ಹೊಗೆ ಸೋರಿದ್ರೆ ಸಿಳ್ಳೆ ಹೊಡೆಯುತ್ತೆ. ಅಣ್ಣನ ಕಿವಿ ಎಂಥಾದ್ದು ಅಂತ ಊರಿಗೇ ಗೊತ್ತು. ಚಾಲೂ ಮಾಡಿದ ತಕ್ಷಣ ಗೊತ್ತಾಗಿ ಆಫ್ ಮಾಡ್ತಾರೆ, ನಾಲ್ಕು ಸಲ ಹೀಗೇ ಆದ್ರೆ ಇದು ದರಿದ್ರ ಮಾಲು ಅಂತ ಬೈದು ಹಳೇದನ್ನೇ ಹಾಕ್ತಾರೆ ಅಂದ್ಕೊಂಡೆ. ಶಟರ್ ಯಾವಾಗ್ಲೂ ತೆಗೆದೇ ಇರ್ತಿತ್ತಲ್ಲ."

"ಸದ್ದು ಜಾಸ್ತಿ ಅಂತ ಬಾಯಿಬಿಟ್ಟು ಹೇಳ್ಬಹುದಿತ್ತು."

"ಹೆಂಗೆ ಹೇಳ್ಲಿ? ನನ್ನ ಮಗಳು ಹುಟ್ಟಿದ ದಿನ ನನ್ನ ಹೆಂಡ್ತೀನ ಆಸ್ಪತ್ರೆಗೆ ಸೇರಿಸಿದ್ದು ಅದೇ ಕಾರು, ಅದೇ ಅಣ್ಣ. ಅಂಗಡೀಲೇ ಹೇಳ್ಬೇಕು ಅಂದ್ಕೊಂಡೆ. ಅವರು ಅಷ್ಟು ಆಸೆಯಿಂದ ನನ್ನ ಮುಖ ನೋಡ್ತಿದ್ರು, ನಾಲಿಗೆ ತುದಿಗೆ ಬಂದಿದ್ದು ಒಳಗೇ ಹೋಯ್ತು. ಆಮೇಲೆ ದಿನಾ ಅಂದ್ಕೊಳ್ಳೋದು, ನಾಳೆ ಹೇಳೋಣ, ನಾಳೆ ಹೇಳೋಣ. ಕಾರ್ಖಾನೆಯವರು ಇನ್ನೊಂದು ಸಲ ತೂಕಡಿಸಿದ್ರೆ ಮನೆಗೆ ಹೋಗು ಅಂದುಬಿಟ್ರು. ತಲೆ ಕೆಟ್ಟೋಗಿತ್ತು." ಅವನು ತಲೆಯೆತ್ತಿದ. "ಅಷ್ಟು ಜೋರು ಸಿಳ್ಳೆ ಮೇಡಂ. ಅಣ್ಣ ಯಾಕೆ ಆಫ್ ಮಾಡ್ಲಿಲ್ಲ?"

ಹೇಳಲೇಬೇಕೆಂಬ ನಿಯಮವೇನೂ ಇರಲಿಲ್ಲ. ಇನ್‌ಸ್ಪೆಕ್ಟರ್ ಹೇಳಿದರು. "ಅವರಿಗೆ ಮೂರು ವರ್ಷದಿಂದ ಕಿವಿ ಕೇಳಿಸ್ತಿರ್ಲಿಲ್ಲ."

ಅವನು ಕಂಬಳಿ ಜಡಿದ ಕಿಟಕಿಯ ಕಡೆ ತಿರುಗಿದ. "ಮತ್ತೆ... ನಾನು ಚೆನ್ನಾಗಿದೆ ಅಂದಾಗ ನಕ್ಕರಲ್ಲ?"

"ನಿಮ್ಮ ಮುಖ ನೋಡಿ ನಕ್ಕಿರ್ತಾರೆ."

ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ದಸ್ತಗಿರಿ. ಹಾಸಿಗೆಯ ಕೆಳಗಿನ ಚೀಲದಿಂದ ಪಾನಾ, ಗೋಡೆಯ ಮೊಳೆಯಿಂದ ಕೀಲಿ ವಶವಾದವು. ಕೈಗೆ ಕೋಳ ಹಾಕಲು ಕಾನ್‌ಸ್ಟೆಬಲ್ ಮುಂದಾದಾಗ ಬ್ಯಾಂಡೇಜು ಅಡ್ಡ ಬಂತು. ಇನ್‌ಸ್ಪೆಕ್ಟರ್ ಬೇಡವೆಂದು ತಲೆಯಾಡಿಸಿದರು.

ಹೊರಗೆ ಮೇಸ್ತ್ರಿಯ ಹೆಂಡತಿ ತಮ್ಮ ಬಾಗಿಲಲ್ಲಿ ನಿಂತಿದ್ದರು. ಬನ್ ಮಾವ "ಅತ್ತಿಗೇ" ಎಂದು ಬಾಯಿ ತೆರೆದ.

"ಬಂದು ಒಂದು ಮಾತು ಅಂದಿದ್ರೆ ಅವತ್ತೇ ಬಿಚ್ಚಿ ಬಿಸಾಡ್ತಿದ್ರಲ್ಲೋ," ಎಂದರು ಆಕೆ. ಗದರಿಸುವ ದನಿಯಲ್ಲ. ಊಟಕ್ಕೆ ತಡವಾಗಿ ಬಂದ ಮೈದುನನಿಗೆ ಹೇಳುವ ಹಾಗಿತ್ತು. "ನಾನಾದ್ರೂ ಹೇಳ್ಬೇಕಿತ್ತು. ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತ್ವಿ." ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಆ ಸಾಲು?"

"ತೆಗೆಸಿದ್ದೀನಿ ಅಮ್ಮಾ. ನಟ್ಟುಗಳನ್ನ ಸರಿಯಾಗೇ ಬಿಗಿ ಮಾಡಿದ್ರು ಅಂತ ಬರೆಸಿದ್ದೀನಿ."

ಆಕೆ ತಲೆಯಾಡಿಸಿ ಒಳಗೆ ಹೋದರು. ಗೆದ್ದವರ ನಡಿಗೆ ಅದಾಗಿರಲಿಲ್ಲ.

ಮುಂದಿನ ವಾರ ದೋಷಾರೋಪ ಪಟ್ಟಿ ಸಿದ್ಧವಾಯಿತು. ಕೊಲ್ಲುವ ಉದ್ದೇಶವಿರಲಿಲ್ಲವೆಂದು, ನಿದ್ದೆಯಿಲ್ಲದ ತಿಂಗಳೊಂದು ಅವನನ್ನು ಅಲ್ಲಿಗೆ ತಳ್ಳಿತೆಂದು ಇನ್‌ಸ್ಪೆಕ್ಟರ್ ತಮ್ಮ ಕೈಯಾರೆ ಬರೆದರು. ಅದನ್ನು ಎಷ್ಟು ತೂಗಬೇಕೆಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ಸ್ಥಳದ ನಕ್ಷೆಯಲ್ಲಿ ಮಾತ್ರ ಒಂದು ಜಾಗ ಖಾಲಿ ಉಳಿದಿತ್ತು. ಆರೋಪಿಯ ಮುಂಬಾಗಿಲಿಗೂ ಮೃತರ ಮುಂಬಾಗಿಲಿಗೂ ನಡುವಿನ ದೂರವನ್ನು ಯಾರೂ ಅಳೆದಿರಲಿಲ್ಲ. ಶುಕ್ರವಾರ ಸಂಜೆ ಅವರು ದಫೇದಾರರ ಜೊತೆ ಮತ್ತೆ ಆ ಬೀದಿಗೆ ಹೋದರು. ಟೇಪಿನ ಒಂದು ತುದಿಯನ್ನು ದಫೇದಾರರು ಬನ್ ಮಾವನ ಹೊಸ್ತಿಲಿಗೆ ಒತ್ತಿ ಹಿಡಿದರು, ಇನ್ನೊಂದು ತುದಿಯನ್ನು ಇನ್‌ಸ್ಪೆಕ್ಟರ್ ಮೇಸ್ತ್ರಿಯ ಹೊಸ್ತಿಲಿಗೆ.

"ಎಷ್ಟು ಮೇಡಂ?" ದಫೇದಾರರು ಪೆನ್ನು ಹಿಡಿದು ಕೇಳಿದರು.

ಮೂರು ಮೀಟರ್, ನಲವತ್ತು ಸೆಂಟಿಮೀಟರ್.